ಎಬ್ರೊ ನದಿಯ ಕಪ್ಪೆಚಿಪ್ಪಿಗೆ ಮೀನಿಲ್ಲದೆ ಮರಿಯಿಲ್ಲ

ಪ್ರಶ್ನೆ: ನಾನು ಸ್ಪೇನಿನ ಸಾರಗೋಸಾದಲ್ಲಿ ಓದುತ್ತಿದ್ದೇನೆ. ಇಲ್ಲಿನ ಇಂಪೀರಿಯಲ್ ಕಾಲುವೆಯ ದಂಡೆ ಮೇಲೆ ದಿನಾ ವಾಕಿಂಗ್ ಹೋಗುತ್ತೇನೆ. ಚಳಿಗಾಲದಲ್ಲಿ ಒಂದು ಕಡೆ ನೀರು ಇಳಿಸಿ ರಿಪೇರಿ ಮಾಡುತ್ತಿದ್ದರು. ಕೆಲವರು ಉದ್ದ ಬೂಟು ಹಾಕಿಕೊಂಡು ಕೆಸರಲ್ಲಿ ಕೈಯಾಡಿಸಿ ಕಪ್ಪೆಚಿಪ್ಪು ಹುಡುಕುತ್ತಿದ್ದರು. ವಿಚಾರಿಸಿದರೆ, ಇದು ಪ್ರಪಂಚದಲ್ಲೇ ಅಪರೂಪದ ಜೀವಿ ಅಂದರು. ಕಪ್ಪೆಚಿಪ್ಪಿಗೆ ಇಷ್ಟೊಂದು ಉಪಚಾರ ಯಾಕೆ? ಈ ಭಾಗದಲ್ಲಿ ಎಷ್ಟು ಬಗೆ ಇವೆ? ಅಷ್ಟು ಅಪರೂಪ ಅಂದಮೇಲೆ ಸಾಕಿ, ಮರಿ ಮಾಡಿಸಿ ನದಿಗೆ ಬಿಟ್ಟರೆ ಮುಗೀತಲ್ವಾ? ದಂಡೆಯಲ್ಲಿ ಸಿಕ್ಕ ಖಾಲಿ ಚಿಪ್ಪನ್ನು ಮನೆಗೆ ತರಬಹುದಾ?

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ತರಬೇಡಿ. ಸ್ಪೇನಿನಲ್ಲಿ ಈ ಜೀವಿಗೆ ಕಾನೂನಿನ ರಕ್ಷಣೆ ಇದೆ. ಅಂಥ ಪ್ರಾಣಿಯ ಅವಶೇಷವನ್ನು ಇಟ್ಟುಕೊಳ್ಳುವುದೂ ತೊಂದರೆಗೆ ದಾರಿ. ಚಿಪ್ಪು ಖಾಲಿ ಇದ್ದರೂ ಅದಕ್ಕೆ ಬೆಲೆ ಇದೆ. ಎಲ್ಲಿ ಸತ್ತಿತು, ಎಷ್ಟು ದೊಡ್ಡದಿತ್ತು, ಹೊಸ ಚಿಪ್ಪೋ ಹಳೆಯದೋ ಎನ್ನುವುದರಿಂದಲೇ ಆ ಭಾಗದ ಸ್ಥಿತಿ ಗೊತ್ತಾಗುತ್ತದೆ. ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ. ಪಕ್ಕದಲ್ಲಿ ನಾಣ್ಯವನ್ನೋ ಪೆನ್ನನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಆಮೇಲೆ ನಿಮ್ಮ ಊರಿರುವ ಅರಗಾನ್ ಪ್ರಾಂತ್ಯದ ಸರ್ಕಾರದ ಪರಿಸರ ಸಿಬ್ಬಂದಿಗೆ ಜಾಗ ತಿಳಿಸಿ.

ಈಗ ದೊಡ್ಡ ವಿಷಯಕ್ಕೆ ಬರೋಣ. ಅವರು ಹುಡುಕುತ್ತಿದ್ದದ್ದು ಸ್ಯೂಡುನಿಯೊ ಆರಿಕ್ಯುಲೇರಿಯಸ್ ಎಂಬ ಜಾತಿಯನ್ನು. ಹಳೆಯ ಪುಸ್ತಕಗಳಲ್ಲಿ, ಕಾಲುವೆ ಪಕ್ಕದ ಫಲಕಗಳಲ್ಲಿ ನಿಮಗೆ ಮಾರ್ಗರಿಟಿಫೆರಾ ಆರಿಕ್ಯುಲೇರಿಯಾ ಎಂಬ ಹೆಸರು ಕಾಣಬಹುದು. ಎರಡೂ ಒಂದೇ. ಬೆಳೆದದ್ದು ಅಂಗೈಗಿಂತ ದೊಡ್ಡದಿರುತ್ತದೆ, 18 ಸೆಂಟಿಮೀಟರಿನಷ್ಟು ಉದ್ದ. ಹೊರಗೆ ಕಪ್ಪು, ಒರಟು, ಭಾರ. ಒಳಗೆ ದಪ್ಪನೆಯ ಬಿಳಿ ಮುತ್ತಿನ ಪದರ. ಒಂದು ಕಾಲದಲ್ಲಿ ಇದು ಪಶ್ಚಿಮ ಯೂರೋಪಿನ ದೊಡ್ಡ ನದಿಗಳಲ್ಲೆಲ್ಲ ಇತ್ತು. ಇಟಲಿಯ ಪೊ, ಫ್ರಾನ್ಸಿನ ನದಿಗಳು, ರೈನ್ ಎಲ್ಲದರಲ್ಲೂ ಬದುಕಿತ್ತು. ಲಂಡನ್ನಿನ ಥೇಮ್ಸ್ ನದಿಯ ಹಳೆಯ ಮಣ್ಣಿನ ಪದರಗಳಲ್ಲೂ ಇದರ ಚಿಪ್ಪು ಸಿಕ್ಕಿದೆ. ಈಗ ಉಳಿದಿರುವುದು ಫ್ರಾನ್ಸಿನ ಕೆಲವು ನದಿಗಳಲ್ಲಿ, ಮತ್ತೆ ಸ್ಪೇನಿನ ಎಬ್ರೊ ನದಿ ಮತ್ತು ಅದರ ಕಾಲುವೆಗಳಲ್ಲಿ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಂಚಿಗೆ ತೀರಾ ಹತ್ತಿರ ಇರುವ ಜೀವಿಗಳ ಸಾಲಿನಲ್ಲಿದೆ.

ಇದರ ಕಥೆಯಲ್ಲಿ ಒಬ್ಬ ಜರ್ಮನ್ ಬರುತ್ತಾನೆ. ಫ್ರಿಟ್ಸ್ ಹಾಸ್ ಎಂಬ ಚಿಪ್ಪುಜೀವಿ ತಜ್ಞ. ಮೊದಲ ಮಹಾಯುದ್ಧ ಶುರುವಾದಾಗ ಸ್ಪೇನಿನಲ್ಲಿ ಸಿಕ್ಕಿಕೊಂಡ. ಊರಿಗೆ ಹೋಗಲಾಗದೆ ಅಲ್ಲಿನ ನದಿಗಳನ್ನು ಜಾಲಾಡಿದ. ಸಾರಗೋಸಾದಿಂದ ಕೆಳಗೆ, ಎಬ್ರೊ ಬಳುಕುತ್ತ ಹೋಗುವ ಕಡೆ ಸಾಸ್ತಗೋ ಎಂಬ ಊರಿದೆ. ಅಲ್ಲಿ ಈ ಚಿಪ್ಪಿನ ಮುತ್ತಿನ ಪದರದಿಂದ ಚಾಕುವಿನ ಹಿಡಿ ಮಾಡುತ್ತಿದ್ದರು. ವಿಜ್ಞಾನಿಗಳು ಅಪರೂಪ ಅಂದುಕೊಂಡಿದ್ದ ಜೀವಿ ಒಂದು ಊರಿನ ಕಸುಬಿಗೆ ಸಾಕಾಗುವಷ್ಟು ಸಿಗುತ್ತಿತ್ತು! ಹಾಸ್ ಅದನ್ನು ಬರೆದಿಟ್ಟ. ಆಮೇಲೆ ದಶಕಗಳ ಕಾಲ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಅಳಿದೇ ಹೋಯಿತು ಎಂದು ಅನೇಕರು ನಂಬಿದ್ದರು. 1980ರ ದಶಕದ ಕೊನೆಗೆ ಎಬ್ರೊದ ಕೆಳಭಾಗದಲ್ಲಿ ಜೀವಂತವಾಗಿ ಮತ್ತೆ ಸಿಕ್ಕಿತು. 1990ರ ದಶಕದಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ನಿಸರ್ಗ ವಿಜ್ಞಾನ ಮ್ಯೂಸಿಯಂನ ರಫಾಯೆಲ್ ಅರೌಹೊ ಮತ್ತು ಜೊತೆಯವರು ನೀವು ವಾಕಿಂಗ್ ಹೋಗುವ ಅದೇ ಕಾಲುವೆಯಲ್ಲಿ ಇನ್ನೂ ದೊಡ್ಡ ಗುಂಪನ್ನು ಗುರುತಿಸಿದರು. 1996ರಲ್ಲಿ ಸ್ಪೇನ್ ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 2005ರಲ್ಲಿ ಅರಗಾನ್ ಸರ್ಕಾರ ಇದಕ್ಕಾಗಿಯೇ ಒಂದು ಪುನಶ್ಚೇತನ ಯೋಜನೆಯನ್ನು ಕಾನೂನಾಗಿ ತಂದಿತು.

ಕಾಲುವೆಯಲ್ಲಿ ಸಿಕ್ಕಿತು ಎಂಬ ಮಾತನ್ನು ಸುಮ್ನೆ ದಾಟಿ ಹೋಗಬೇಡಿ. ಇಂಪೀರಿಯಲ್ ಕಾಲುವೆ ಮನುಷ್ಯರು ಅಗೆದದ್ದು. 16ನೇ ಶತಮಾನದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಕಾಲದಲ್ಲಿ ಶುರುವಾಗಿ, ನಿಂತುಹೋಗಿ, 18ನೇ ಶತಮಾನದಲ್ಲಿ ರಮೋನ್ ಪಿಗ್ನತೆಲ್ಲಿ ಎಂಬ ಪಾದ್ರಿಯ ಹಠದಿಂದ ಮುಗಿಯಿತು. ತುದೇಲಾ ಊರಿನ ಬಳಿ ಎಬ್ರೊದಿಂದ ಹೊರಟು ಸುಮಾರು 110 ಕಿಲೋಮೀಟರ್ ಹರಿಯುತ್ತದೆ. 1784ರಲ್ಲಿ ನೀರು ಸಾರಗೋಸಾ ತಲುಪಿತು. ಆ ಕೆಲಸ ಆಗುವುದೇ ಇಲ್ಲ ಅಂದವರಿಗೆ ಉತ್ತರವಾಗಿ ಪಿಗ್ನತೆಲ್ಲಿ ಒಂದು ಕಾರಂಜಿ ಕಟ್ಟಿಸಿದ. ‘ನಂಬದವರ ಕಾರಂಜಿ’ ಅಂತಲೇ ಅದಕ್ಕೆ ಹೆಸರು. ಇನ್ನೂ ಅಲ್ಲೇ ಇದೆ, ಹೋಗಿ ನೋಡಿ.

ಈ ಕಾಲುವೆಯ ಹಲವು ಕಡೆ ತಳಕ್ಕೆ ಕಾಂಕ್ರೀಟ್ ಬೀಳಲಿಲ್ಲ. ಜಲ್ಲಿ, ಮರಳು, ಮಣ್ಣು ಹಾಗೇ ಉಳಿಯಿತು. ನೀರು ವರ್ಷದ ಬಹುಪಾಲು ಒಂದೇ ಮಟ್ಟದಲ್ಲಿ ನಿಧಾನವಾಗಿ ಹರಿಯಿತು. ಮುಖ್ಯ ನದಿಯಲ್ಲಿ ಪ್ರವಾಹ, ಜಲ್ಲಿ ಎತ್ತುವಿಕೆ, ಅಣೆಕಟ್ಟು, ಕೊಳಕು ಎಲ್ಲ ಇದ್ದವು. ಕಾಲುವೆ ಅವುಗಳಿಂದ ಒಂದಿಷ್ಟು ಬಚಾವಾಗಿತ್ತು. ಹೀಗೆ ನದಿಯ ಜೀವಿಗೆ ಕಾಲುವೆಯೇ ಆಸರೆ ಆಯಿತು. ಎದುರು ದಂಡೆಯ ತೌಸ್ತೆ ಕಾಲುವೆಯಲ್ಲೂ ಇದೇ ಕಥೆ. ಪ್ರಕೃತಿಯನ್ನು ಮುಟ್ಟದೆ ಬಿಟ್ಟರೆ ಸಾಕು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ನೀರಾವರಿ ಇಂಜಿನಿಯರು, ರೈತ, ಜೀವವಿಜ್ಞಾನಿ ಮೂವರೂ ಒಂದೇ ಮೇಜಿಗೆ ಕೂರಲೇಬೇಕು. ಕಾಲುವೆ ಸೋರುತ್ತದೆ ಅಂತ ತಳಕ್ಕೆ ಕಾಂಕ್ರೀಟ್ ಹಾಕಿದರೆ ನೀರು ಉಳಿಯಬಹುದು, ಕಪ್ಪೆಚಿಪ್ಪು ಉಳಿಯುವುದಿಲ್ಲ. ಅದಕ್ಕೆ ಅರ್ಧ ದೇಹ ಹೂತುಕೊಳ್ಳಲು ಜಲ್ಲಿ ಬೇಕು. ನೀವು ನೋಡಿದ ಬೂಟಿನವರು ಮಾಡುತ್ತಿದ್ದದ್ದು ಇದೇ ಹೊಂದಾಣಿಕೆಯ ಒಂದು ಭಾಗ. ನೀರಾವರಿಗೆ ಬೇಡಿಕೆ ಕಡಿಮೆ ಇರುವ ಕಾಲದಲ್ಲಿ ನೀರು ಇಳಿಸುತ್ತಾರೆ. ಜನ ಮೊದಲೇ ಇಳಿದು ಸಿಕ್ಕವನ್ನು ಎತ್ತಿ, ಗುರುತು ಹಾಕಿ, ನೀರಿರುವ ಕಡೆಗೆ ಸಾಗಿಸುತ್ತಾರೆ. ಬೇಸರದ, ಚಳಿ ಹಿಡಿಯುವ ಕೆಲಸ. ಆದರೆ ಅದು ತಪ್ಪಿದರೆ ಒಂದೇ ದಿನದಲ್ಲಿ ಅರ್ಧ ಶತಮಾನ ಬದುಕಿದ ಜೀವಿಗಳು ಒಣಗಿ ಸಾಯುತ್ತವೆ.

ಇಷ್ಟೆಲ್ಲ ಉಪಚಾರ ಯಾಕೆ ಅಂದಿರಿ. ಒಂದು ಕಾರಣ ಎಲ್ಲರೂ ಹೇಳುತ್ತಾರೆ: ಕಪ್ಪೆಚಿಪ್ಪು ನೀರು ಸೋಸುತ್ತದೆ. ಒಂದು ಕಡೆಯಿಂದ ನೀರು ಎಳೆದುಕೊಂಡು, ಕಿವಿರಿನಲ್ಲಿ ಪಾಚಿ, ಬ್ಯಾಕ್ಟೀರಿಯಾ, ಸಣ್ಣ ಕಣಗಳನ್ನು ಹಿಡಿದು, ಉಳಿದದ್ದನ್ನು ಹೊರಗೆ ಬಿಡುತ್ತದೆ. ದೊಡ್ಡ ಕಪ್ಪೆಚಿಪ್ಪು ದಿನಕ್ಕೆ ಹತ್ತಾರು ಲೀಟರ್ ಸೋಸಬಲ್ಲದು. ಸಾವಿರಾರು ಇದ್ದರೆ ಲೆಕ್ಕ ನೀವೇ ಹಾಕಿ. ತಿಂದು ಉಳಿದದ್ದನ್ನು ತಳಕ್ಕೆ ಉಗುಳುವುದರಿಂದ ಅಲ್ಲಿನ ಹುಳುಗಳಿಗೆ ಊಟ. ಅದರ ಚಿಪ್ಪಿನ ಮೇಲೆ, ಸಂದಿಯಲ್ಲಿ ಬೇರೆ ಜೀವಿಗಳಿಗೆ ಮನೆ. ಇದೆಲ್ಲ ನಿಜ. ಆದರೆ ನನ್ನನ್ನು ಕೇಳಿದರೆ ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಕಪ್ಪೆಚಿಪ್ಪು ಚೆನ್ನಾಗಿದೆ ಅಂದರೆ ಆ ನದಿಯಲ್ಲಿ ನೀರು, ತಳ, ಮೀನು ಮೂರೂ ಚೆನ್ನಾಗಿವೆ ಎಂದರ್ಥ. ಮೂರರಲ್ಲಿ ಒಂದು ಕೆಟ್ಟರೂ ಅದು ಮರಿ ಮಾಡುವುದಿಲ್ಲ.

ಮೀನು ಎಲ್ಲಿಂದ ಬಂತು ಅಂದುಕೊಂಡಿರಾ? ಇಡೀ ವಿಷಯ ನಿಂತಿರುವುದೇ ಅದರ ಮೇಲೆ. ಸಿಹಿನೀರಿನ ಕಪ್ಪೆಚಿಪ್ಪಿನ ಹೆಣ್ಣು ನೀರಿನ ಜೊತೆ ಬರುವ ಗಂಡಿನ ವೀರ್ಯವನ್ನು ಎಳೆದುಕೊಳ್ಳುತ್ತದೆ. ಮೊಟ್ಟೆಗಳು ಅದರ ಕಿವಿರಿನಲ್ಲೇ ಬೆಳೆಯುತ್ತವೆ. ಆಮೇಲೆ ಗ್ಲೋಕಿಡಿಯಾ ಎಂಬ ಧೂಳಿನಷ್ಟು ಚಿಕ್ಕ ಮರಿಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತದೆ. ಎಬ್ರೊದ ದೊಡ್ಡ ಕಪ್ಪೆಚಿಪ್ಪು ಇದನ್ನು ಮಾಡುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಈ ಮರಿಗೆ ಈಜಲು ಬರುವುದಿಲ್ಲ. ಕೆಲವೇ ದಿನಗಳಲ್ಲಿ ಸರಿಯಾದ ಮೀನಿನ ಕಿವಿರನ್ನು ಕಚ್ಚಿ ಹಿಡಿಯಬೇಕು. ಇಲ್ಲದಿದ್ದರೆ ಸಾವು. ಹಿಡಿದದ್ದು ಕೆಲವು ವಾರ ಮೀನಿನ ಮೇಲೆ ಕುಳಿತು, ರೂಪ ಬದಲಿಸಿ, ಪುಟ್ಟ ಕಪ್ಪೆಚಿಪ್ಪಾಗಿ ತಳಕ್ಕೆ ಬೀಳುತ್ತದೆ. ಬಿದ್ದ ಮೇಲೆ ವರ್ಷಗಟ್ಟಲೆ ಜಲ್ಲಿಯೊಳಗೆ ಹೂತುಕೊಂಡೇ ಬೆಳೆಯುತ್ತದೆ. ಜಲ್ಲಿಯ ಸಂದಿಗೆ ಕೆಸರು ತುಂಬಿ ಆಮ್ಲಜನಕ ನಿಂತರೆ ಅಲ್ಲೇ ಉಸಿರುಗಟ್ಟುತ್ತದೆ. ಲಕ್ಷದಲ್ಲಿ ಬೆರಳೆಣಿಕೆಯಷ್ಟು ಬದುಕಿದರೂ ದೊಡ್ಡ ಮಾತು.

ಸರಿಯಾದ ಮೀನು ಎಂದೆ. ಯಾವ ಮೀನಾದರೂ ಆಗುವುದಿಲ್ಲ. ತಪ್ಪು ಮೀನಿನ ದೇಹ ಈ ಮರಿಗಳನ್ನು ಕಿತ್ತೆಸೆಯುತ್ತದೆ. ಎಬ್ರೊದ ದೊಡ್ಡ ಕಪ್ಪೆಚಿಪ್ಪಿಗೆ ಹಿಂದಿನಿಂದ ಬಂದ ನಂಟು ಯೂರೋಪಿನ ಸ್ಟರ್ಜನ್ ಮೀನಿನದ್ದು. ಮೂರು ಮೀಟರಿಗೂ ಉದ್ದ ಬೆಳೆಯುವ ಮೀನು. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಹತ್ತುತ್ತದೆ. ಮೊಟ್ಟೆಗೆ, ಅಂದರೆ ಕ್ಯಾವಿಯಾರ್‌ಗೆ, ಅದನ್ನು ಹಿಡಿದು ಹಿಡಿದು ಮುಗಿಸಿದರು. ಉಳಿದದ್ದಕ್ಕೆ ಅಣೆಕಟ್ಟು ಅಡ್ಡ ಬಂತು. ಎಬ್ರೊದ ಕೆಳಭಾಗದಲ್ಲಿ 1940ರ ದಶಕದಲ್ಲಿ ಫ್ಲಿಶ್, 1960ರ ದಶಕದಲ್ಲಿ ಮೆಕಿನೆನ್ಸಾ ಮತ್ತು ರಿಬಾರೋಹಾ ಅಣೆಕಟ್ಟುಗಳು ಎದ್ದವು. ಸಮುದ್ರದಿಂದ ಸಾರಗೋಸಾದ ಕಡೆಗೆ ದಾರಿ ಮುಚ್ಚಿತು. ಸ್ಪೇನಿನ ಇನ್ನೊಂದು ದೊಡ್ಡ ನದಿ ಗ್ವಾದಲ್ಕಿವೀರ್‌ನಲ್ಲಿ ಈ ಸ್ಟರ್ಜನ್ ಕೊನೆಯದಾಗಿ ಸಿಕ್ಕಿದ್ದು 1992ರಲ್ಲಿ. ಫ್ರಾನ್ಸಿನ ಜಿರೋಂಡ್ ಕಡೆಯ ಗುಂಪು ಸಹಜವಾಗಿ ಮರಿ ಮಾಡಿದ ಕೊನೆಯ ದಾಖಲೆ 1994ರದ್ದು. ಅಂದರೆ ಕಪ್ಪೆಚಿಪ್ಪಿನ ಮರಿಗಳನ್ನು ಹೊರಬೇಕಾದ ಮೀನೇ ಈಗ ಕೈಯಲ್ಲಿ ಸಾಕುವ ಸ್ಥಿತಿಗೆ ಬಂದಿದೆ.

ಹಾಗಾದರೆ ಕಾಲುವೆಯಲ್ಲಿ ಇವು ಹೇಗೆ ಉಳಿದವು? ಎರಡು ಉತ್ತರ ಇದೆ. ಒಂದು, ಆಯಸ್ಸು. ದೊಡ್ಡ ಕಪ್ಪೆಚಿಪ್ಪು ದಶಕಗಟ್ಟಲೆ ಬದುಕುತ್ತದೆ. ನೀವು ನೋಡಿದವುಗಳಲ್ಲಿ ಅನೇಕವು ಬಹುಶಃ ನಿಮ್ಮ ಅಜ್ಜನ ವಯಸ್ಸಿನವು. ಎರಡು, ಒಂದು ಪುಟ್ಟ ಮೀನು. 2001ರಲ್ಲಿ ಅರೌಹೊ ತಂಡ ನದಿ ಬ್ಲೆನ್ನಿ ಎಂಬ ಮೀನಿನ ಮೇಲೂ ಈ ಮರಿಗಳು ಬೆಳೆಯುತ್ತವೆ ಎಂದು ತೋರಿಸಿತು. ಬೆರಳುದ್ದದ ಮೀನು, ಕಲ್ಲಿನ ಕೆಳಗೆ ಬದುಕುತ್ತದೆ, ಗಂಡು ಮೊಟ್ಟೆ ಕಾಯುತ್ತದೆ. ಅದು ಅಣೆಕಟ್ಟಿನಿಂದ ಮೇಲಿನ ನದಿಯಲ್ಲೂ ಇತ್ತು, ಕಾಲುವೆಯಲ್ಲೂ ಇತ್ತು. ಆದರೆ ಜಲ್ಲಿ ಎತ್ತಿ, ಕಲ್ಲು ಮಗುಚಿದರೆ ಅದೂ ಇಲ್ಲ. ಫ್ರಾನ್ಸಿನಲ್ಲಿ ಸಮುದ್ರದ ಲ್ಯಾಂಪ್ರೆ ಎಂಬ ಹಾವಿನಂಥ ಜೀವಿಯೂ ಇದರ ಮರಿಗಳನ್ನು ಹೊರುತ್ತದೆ ಎಂದು ಈಚೆಗೆ ಗೊತ್ತಾಗಿದೆ. ಅದೂ ಸಮುದ್ರದಿಂದ ನದಿಗೆ ಹತ್ತಬೇಕಾದದ್ದೇ. ಅಣೆಕಟ್ಟು ಅದನ್ನೂ ತಡೆಯುತ್ತದೆ.

ಕಾಲುವೆಯಲ್ಲಿ ಸಿಕ್ಕವನ್ನೆಲ್ಲ ಅಳೆದು ನೋಡಿದಾಗ ಎಲ್ಲವೂ ದೊಡ್ಡವು. ಚಿಕ್ಕವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಕ್ಕಳೆಲ್ಲ ಪಟ್ಟಣ ಸೇರಿ ಹಿರಿಯರಷ್ಟೇ ಉಳಿದ ಹಳ್ಳಿ ನಮಗೆ ಗೊತ್ತು ತಾನೆ, ಅಂಥದ್ದೇ ಸ್ಥಿತಿ. ಎಣಿಸಿದರೆ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಭವಿಷ್ಯ ಮಾತ್ರ ಇಲ್ಲ. ಕಪ್ಪೆಚಿಪ್ಪಿನ ಸಂರಕ್ಷಣೆಯಲ್ಲಿ ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ‘ಇಲ್ಲಿ ಇಷ್ಟು ಸಾವಿರ ಇವೆ’ ಎಂಬ ವರದಿ ಓದಿ ಖುಷಿಪಡುವ ಮೊದಲು ‘ಅದರಲ್ಲಿ ಹತ್ತು ವರ್ಷಕ್ಕಿಂತ ಚಿಕ್ಕವು ಎಷ್ಟು?’ ಎಂದು ಕೇಳಬೇಕು. 2013ರ ಆಸುಪಾಸಿನಿಂದ ಎಬ್ರೊ ಭಾಗದಲ್ಲಿ ಮುದಿ ಕಪ್ಪೆಚಿಪ್ಪುಗಳೂ ಹೆಚ್ಚು ಸಾಯತೊಡಗಿದವು. ಆಗ ಈ ಪ್ರಶ್ನೆಯ ಬಿಸಿ ಎಲ್ಲರಿಗೂ ತಟ್ಟಿತು.

ನೀವು ಕೇಳಿದ ಸಾಕಣೆಯ ವಿಷಯಕ್ಕೆ ಬರುತ್ತೇನೆ. ಖಂಡಿತ ಮಾಡುತ್ತಿದ್ದಾರೆ. ಸಾರಗೋಸಾ ಪಕ್ಕದ ಲಾ ಅಲ್ಫ್ರಾಂಕಾ ಕೇಂದ್ರದಲ್ಲಿ ಇದಕ್ಕಾಗಿ ಪ್ರಯೋಗಶಾಲೆ ಇದೆ. ತುಂಬಿದ ಹೆಣ್ಣುಗಳಿಂದ ಗ್ಲೋಕಿಡಿಯಾ ತೆಗೆದು, ಸಾಕಿದ ಸೈಬೀರಿಯಾ ಸ್ಟರ್ಜನ್ ಮತ್ತು ಬ್ಲೆನ್ನಿ ಮೀನುಗಳ ಕಿವಿರಿಗೆ ಹತ್ತಿಸುತ್ತಾರೆ. ಉದುರಿದ ಮರಿಗಳನ್ನು ಸೋಸಿ ಹಿಡಿದು ಬೆಳೆಸುತ್ತಾರೆ. ಮರಿ ಪಡೆಯುವುದು ಈಗ ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಆಮೇಲೆ. ಮೊದಲ ತಿಂಗಳುಗಳಲ್ಲಿ ಮರಿಗಳು ರಾಶಿ ರಾಶಿ ಸಾಯುತ್ತವೆ. ಅವಕ್ಕೆ ಯಾವ ಪಾಚಿ, ಎಷ್ಟು ಕೆಸರು, ಎಷ್ಟು ತಂಪು ಬೇಕು ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಇಷ್ಟೆಲ್ಲ ಮಾಡಿ ಬೆಳೆದ ಮರಿಯನ್ನು ಎಲ್ಲಿಗೆ ಬಿಡುವುದು? ಮೀನಿಲ್ಲದ, ಜಲ್ಲಿಗೆ ಕೆಸರು ತುಂಬಿದ ಜಾಗಕ್ಕೆ ಬಿಟ್ಟರೆ ಅದು ಇನ್ನೂ ಐವತ್ತು ವರ್ಷ ಬದುಕಬಹುದು, ಆದರೆ ತಾನಾಗಿ ಮುಂದಿನ ತಲೆಮಾರು ಹುಟ್ಟಿಸುವುದಿಲ್ಲ. ಆಗ ಮತ್ತೆ ಪ್ರಯೋಗಶಾಲೆಯೇ ಗತಿ. ಹಾಗಾಗಿ ಸಾಕಣೆ ಕಾಲ ಗಳಿಸಿಕೊಡುತ್ತದೆ ಅಷ್ಟೇ. ಆ ಕಾಲದಲ್ಲಿ ನದಿಯ ಕೆಲಸ ಆಗಬೇಕು. ಮೀನಿಗೆ ದಾರಿ ಬಿಡಬೇಕು, ಬ್ಲೆನ್ನಿ ಇರುವ ಜಲ್ಲಿ ದಡಗಳನ್ನು ಕೆದಕದೆ ಉಳಿಸಬೇಕು, ಕಾಲುವೆ ತಳವನ್ನು ಮಣ್ಣಾಗಿಯೇ ಬಿಡಬೇಕು. ಎಬ್ರೊದ ಕೆಳಭಾಗದಲ್ಲಿ ಮೀನು ಹತ್ತಲು ದಾರಿ ಮಾಡುವ ಕೆಲಸ, ಫ್ರಾನ್ಸಿನಲ್ಲಿ ಸಾಕಿದ ಸ್ಟರ್ಜನ್ ಮರಿಗಳನ್ನು ತಂದು ಬಿಡುವ ಪ್ರಯತ್ನ ಈಚೆಗೆ ನಡೆದಿವೆ. ಒಳ್ಳೆಯ ಆರಂಭ. ಆದರೆ ದೊಡ್ಡ ಅಣೆಕಟ್ಟುಗಳು ಮೇಲೆ ಹಾಗೇ ನಿಂತಿವೆ ಎನ್ನುವುದನ್ನು ಮರೆಯಬಾರದು.

ಎಷ್ಟು ಬಗೆ ಇವೆ ಎಂಬುದಕ್ಕೆ ಉತ್ತರ: ಐಬೀರಿಯಾ ಪರ್ಯಾಯ ದ್ವೀಪದಲ್ಲಿ, ಅಂದರೆ ಸ್ಪೇನ್ ಪೋರ್ಚುಗಲ್ ಸೇರಿ, ಹತ್ತು ಜಾತಿ. ಇಡೀ ಯೂರೋಪಿಗೆ 2017ರ ಒಂದು ದೊಡ್ಡ ಪರಿಶೀಲನೆ ಲೆಕ್ಕ ಹಾಕಿದ್ದು 16 ಜಾತಿ. ಅದರಲ್ಲಿ ಹತ್ತು ಇಲ್ಲೇ! ಕಾರಣ ಸರಳ. ಸಿಹಿನೀರಿನ ಮೀನು ಉಪ್ಪು ಸಮುದ್ರ ದಾಟುವುದಿಲ್ಲ. ಬೆಟ್ಟ ಹತ್ತಿ ಪಕ್ಕದ ನದಿಗೆ ಹೋಗುವುದೂ ಇಲ್ಲ. ಮೀನು ಹೋಗದ ಕಡೆ ಕಪ್ಪೆಚಿಪ್ಪೂ ಹೋಗದು. ಮೆಡಿಟರೇನಿಯನ್ ಸುತ್ತ ನದಿಗಳು ಚಿಕ್ಕವು, ಬೆಟ್ಟಗಳಿಂದ ಬೇರೆಯಾದವು. ಒಂದೊಂದು ಕಣಿವೆಯಲ್ಲಿ ಒಂದೊಂದು ಮೀನು, ಅದಕ್ಕೆ ತಕ್ಕ ಒಂದೊಂದು ಕಪ್ಪೆಚಿಪ್ಪು ಲಕ್ಷಾಂತರ ವರ್ಷ ಪ್ರತ್ಯೇಕವಾಗಿ ಬೆಳೆದವು.

ಕುತೂಹಲ ಏನೆಂದರೆ, ಈ ಎಣಿಕೆ ಹಲವು ಸಲ ಏರಿ ಇಳಿದಿದೆ. 19ನೇ ಶತಮಾನದ ಕೆಲವು ಫ್ರೆಂಚ್ ವಿದ್ವಾಂಸರು ಚಿಪ್ಪು ತುಸು ಉದ್ದ ಇದ್ದರೆ ಒಂದು ಹೆಸರು, ತುಸು ಉಬ್ಬಿದ್ದರೆ ಇನ್ನೊಂದು ಹೆಸರು ಕೊಟ್ಟು ನೂರಾರು ‘ಜಾತಿ’ ಮಾಡಿದರು. ಚಿಪ್ಪಿನ ಆಕಾರ ನೀರಿನ ಸೆಳವಿಗೆ, ತಳದ ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಆಮೇಲೆ ಬಂದವರು, ನಮ್ಮ ಹಾಸ್ ಕೂಡ, ಎಲ್ಲವನ್ನೂ ಕೆಲವೇ ಹೆಸರಿನ ಕೆಳಗೆ ಗುಡಿಸಿ ಹಾಕಿದರು. ಅದರಲ್ಲಿ ನಿಜವಾಗಿ ಬೇರೆ ಇದ್ದವೂ ಸೇರಿಹೋದವು. 2000ದ ನಂತರ ಡಿಎನ್‌ಎ ನೋಡಿದಾಗ ಮತ್ತೆ ಒಡೆಯಬೇಕಾಯಿತು. ಐಬೀರಿಯಾದ ಪಶ್ಚಿಮದಲ್ಲಿ ಸಾಮಾನ್ಯವಾಗಿರುವ ಯೂನಿಯೊ ಡೆಲ್ಫೈನಸ್ ಮಧ್ಯ ಯೂರೋಪಿನ ಕಪ್ಪೆಚಿಪ್ಪಿಗಿಂತ ಬೇರೆ ಎಂದು ಖಚಿತವಾಯಿತು. ದಕ್ಷಿಣದ ಯೂನಿಯೊ ಟ್ಯೂಮಿಡಿಫಾರ್ಮಿಸ್ 2009ರಲ್ಲಿ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ಮೊರೊಕ್ಕೊದ ದೊಡ್ಡ ಕಪ್ಪೆಚಿಪ್ಪು ಎಬ್ರೊದ್ದರ ಉಪಜಾತಿ ಅನ್ನಿಸಿಕೊಂಡಿತ್ತು. ಅದೂ ಬೇರೆಯೇ ಜಾತಿ ಎಂದಾಯಿತು. ಇದು ಬರೀ ಹೆಸರಿನ ಆಟವಲ್ಲ. ಯೂರೋಪಿನ ತುಂಬ ಇದೆ ಅಂದುಕೊಂಡ ಜೀವಿ ನಿಜಕ್ಕೂ ನಾಲ್ಕು ನದಿಗಳಲ್ಲಷ್ಟೇ ಇದೆ ಎಂದು ತಿಳಿದ ದಿನ, ಅದರ ಬಗೆಗಿನ ಕಾಳಜಿ ಬದಲಾಗಬೇಕಾಗುತ್ತದೆ.

ಹತ್ತನ್ನೂ ಇಲ್ಲಿ ವರ್ಣಿಸಲು ಹೋಗುವುದಿಲ್ಲ. ಅನೊಡೊಂಟಾ ಗುಂಪಿನ ಎರಡು ತೆಳು ಚಿಪ್ಪಿನವು ಕೆರೆಯಂಥ ನಿಂತ ನೀರಲ್ಲೂ ಬದುಕುತ್ತವೆ, ಮೀನಿನ ವಿಷಯದಲ್ಲೂ ಅಷ್ಟು ಹಠ ಇಲ್ಲ. ಪೊಟೊಮಿಡಾ ಲಿಟೊರಾಲಿಸ್ ಒಂದು ಕಾಲದಲ್ಲಿ ಎಲ್ಲೆಲ್ಲೂ ಸಿಗುತ್ತಿತ್ತು, ಈಗ ಅಪಾಯದ ಪಟ್ಟಿಯಲ್ಲಿದೆ. ಯೂನಿಯೊ ಗಿಬ್ಬಸ್‌ಗೆ ಯೂರೋಪಿನಲ್ಲಿ ಒಂದೇ ವಿಳಾಸ, ಸ್ಪೇನಿನ ದಕ್ಷಿಣ ತುದಿಯ ಬಾರ್ಬಾತೆ ನದಿ. ಜಿಬ್ರಾಲ್ಟರ್ ಜಲಸಂಧಿಯ ಆಚೆ ಮೊರೊಕ್ಕೊದಲ್ಲೂ ಅದಿದೆ. ಯೂನಿಯೊ ರವೋಸಿಯೆರಿ ಕೂಡ ಆಫ್ರಿಕಾದ ನಂಟಿನದ್ದು. ಸ್ಪೇನಿನಲ್ಲಿ ಕ್ಯಾಟಲೋನಿಯಾದ ಬನ್ಯೋಲೆಸ್ ಸರೋವರದ ಸುತ್ತ ಮಾತ್ರ ಸಿಗುತ್ತದೆ.

ಎರಡರ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮೆಡಿಟರೇನಿಯನ್ ಹವೆಯ ಪಾಡು ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಆ ಟ್ಯೂಮಿಡಿಫಾರ್ಮಿಸ್. ಗ್ವಾದಿಯಾನಾ, ಸಾದೊ, ಮೀರಾದಂಥ ದಕ್ಷಿಣದ ನದಿಗಳ ಹೊಳೆಗಳಲ್ಲಿ ಇದೆ. ಈ ಹೊಳೆಗಳು ಬೇಸಿಗೆಯಲ್ಲಿ ಹರಿಯುವುದನ್ನೇ ನಿಲ್ಲಿಸುತ್ತವೆ. ಅಲ್ಲಲ್ಲಿ ಮಡು ಉಳಿಯುತ್ತದೆ ಅಷ್ಟೇ. ಮೀನು, ಕಪ್ಪೆಚಿಪ್ಪು ಎಲ್ಲ ಆ ಮಡುವಿನಲ್ಲಿ ಮಳೆ ಬರುವವರೆಗೆ ತಡೆದುಕೊಳ್ಳುತ್ತವೆ. ಇದಕ್ಕೆ ಅವು ಹೊಂದಿಕೊಂಡಿವೆ, ಸಾವಿರಾರು ವರ್ಷದ ರೂಢಿ. ಆದರೆ ದಡದ ತೋಟಕ್ಕೆ ಬೋರ್‌ವೆಲ್ ಕೊರೆದು ಅಂತರ್ಜಲ ಎಳೆದಾಗ ಮಡುವೂ ಬತ್ತುತ್ತದೆ. ಈ ಮಾತು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಈ ಕಪ್ಪೆಚಿಪ್ಪು ಸ್ಕ್ವಾಲಿಯಸ್ ಎಂಬ ಒಂದೇ ಬಗೆಯ ಸ್ಥಳೀಯ ಮೀನುಗಳನ್ನು ಮಾತ್ರ ಒಪ್ಪುತ್ತದೆ. ಅದೇ ಮಡುಗಳಿಗೆ ಗಾಳದ ಮೋಜಿಗೆಂದು ತಂದು ಬಿಟ್ಟ ಅಮೆರಿಕದ ಬಾಸ್ ಮೀನು ಆ ಸ್ಕ್ವಾಲಿಯಸ್‌ಗಳನ್ನು ನುಂಗುತ್ತದೆ. 2002ರಲ್ಲಿ ಬಾಗಿಲು ಮುಚ್ಚಿದ ಪೋರ್ಚುಗಲ್‌ನ ಅಲ್ಕೆವಾ ಅಣೆಕಟ್ಟು ಗ್ವಾದಿಯಾನಾದ ಉದ್ದುದ್ದ ಭಾಗವನ್ನು ಮುಳುಗಿಸಿ, ಹರಿವ ನೀರಿನ ಜೀವಿಗಳ ಜಾಗವನ್ನು ಸರೋವರ ಮಾಡಿತು.

ಇನ್ನೊಂದು ಉತ್ತರದ ಮುತ್ತಿನ ಕಪ್ಪೆಚಿಪ್ಪು, ಮಾರ್ಗರಿಟಿಫೆರಾ ಮಾರ್ಗರಿಟಿಫೆರಾ. ಸ್ಕಾಟ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯ ತಣ್ಣನೆಯ ನದಿಗಳ ಜೀವಿ. ಅಲ್ಲಿ ನೂರು ವರ್ಷ ದಾಟುತ್ತದೆ. ಸ್ಪೇನಿನ ವಾಯುವ್ಯ ಮೂಲೆಯ ಗಲೀಸಿಯಾ ಮತ್ತು ಉತ್ತರ ಪೋರ್ಚುಗಲ್ ಅದರ ದಕ್ಷಿಣದ ಗಡಿ. ಇಲ್ಲಿ ನೀರು ಬೆಚ್ಚಗಿರುವುದರಿಂದ ಬೇಗ ಬೆಳೆದು ಬೇಗ ಮುದಿಯಾಗುತ್ತದೆ, ಹೆಚ್ಚೆಂದರೆ 65 ವರ್ಷ. ಇದಕ್ಕೆ ಬೇಕಾದದ್ದು ಟ್ರೌಟ್ ಅಥವಾ ಸಾಲ್ಮನ್. 2017ರ ಭೀಕರ ಬರದಲ್ಲಿ ಉತ್ತರ ಪೋರ್ಚುಗಲ್‌ನ ತುವೇಲಾ, ರಬಸಾಲ್, ಮೆಂತೆ ನದಿಗಳ ಕೆಲವು ಭಾಗ ಒಣಗಿತು. ಅಲ್ಲಿ ಇವು ಗುಂಪಾಗಿ ಸತ್ತದ್ದು ದಾಖಲಾಗಿದೆ. ದಕ್ಷಿಣದ ಜಾತಿಗೆ ಒಣಗುವ ರೂಢಿಯಾದರೂ ಇದೆ, ಇದಕ್ಕೆ ಅದೂ ಇಲ್ಲ. ಬಿಸಿ ಹೀಗೇ ಏರುತ್ತ ಹೋದರೆ ಮೊದಲು ಖಾಲಿಯಾಗುವುದು ಈ ಗಡಿಯ ಗುಂಪುಗಳೇ.

ಜಲಸಂಧಿಯ ಆಚೆ ಪರಿಸ್ಥಿತಿ ಇನ್ನೂ ಇಕ್ಕಟ್ಟು. ಸ್ಯೂಡುನಿಯೊ ಮರೊಕ್ಕಾನಸ್ ಮೊರೊಕ್ಕೊ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. ಉಮ್ಮ್ ಎರ್ ರ್ಬಿಯಾ ನದಿಯ ಉಪನದಿಗಳಲ್ಲಿ ಅಲ್ಪಸ್ವಲ್ಪ ಉಳಿದಿದೆ. ಅಲ್ಲಿ ಬರ ಬಂದಾಗ ಹೊಲಕ್ಕೆ ನೀರು ಎತ್ತುವ ರೈತನಿಗೆ ‘ಕಪ್ಪೆಚಿಪ್ಪು ಸಾಯುತ್ತದೆ, ಪಂಪು ನಿಲ್ಲಿಸು’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನದಿಗೆ ಇಂತಿಷ್ಟು ನೀರು ಬಿಡಲೇಬೇಕು ಎಂದು ಮೇಲಿನವರು ಮೊದಲೇ ನಿಗದಿ ಮಾಡಿದರೆ ಆ ಮಾತು ಹೇಳುವ ಸಂದರ್ಭವೇ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಒಂದು ಮಾತು, ಯಾಕೆಂದರೆ ಇದನ್ನು ಓದಿದ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೇ ವಂಶದ ಒಂದು ವಿಚಿತ್ರ ಜೀವಿ ಕರ್ನಾಟಕದಲ್ಲಿದೆ: ಸ್ಯೂಡೊಮುಲ್ಲೇರಿಯಾ ಡಾಲಿ. 1898ರಲ್ಲಿ ವಿವರಿಸಿದ್ದು, ಮಲೆನಾಡಿನ ನದಿಗಳದ್ದು. ಅದು ಜಲ್ಲಿಯಲ್ಲಿ ಹೂತುಕೊಳ್ಳುವುದಿಲ್ಲ. ಸಮುದ್ರದ ಸಿಂಪಿಯ ಹಾಗೆ ಬಂಡೆಗೆ ಅಂಟಿಕೊಂಡು ಬಿಡುತ್ತದೆ. ಅಂಟಿದ ಮೇಲೆ ಕಿತ್ತು ಬೇರೆ ಕಡೆ ಸಾಗಿಸುವ ಮಾತೇ ಇಲ್ಲ, ಬೂಟು ಹಾಕಿದವರು ಬಂದರೂ ಪ್ರಯೋಜನವಿಲ್ಲ. ಅದೂ ಅಳಿವಿನ ಅಪಾಯದ ಪಟ್ಟಿಯಲ್ಲಿದೆ.

ಮತ್ತೆ ಎಬ್ರೊಗೆ. ನೀವು ಅಲ್ಲಿ ಇರುವವರು, ಆದ್ದರಿಂದ ನಿಮ್ಮ ಕೈಯಲ್ಲಾಗುವ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಈ ನದಿಗೆ ಹೊರಗಿನಿಂದ ಬಂದ ಎರಡು ಚಿಪ್ಪುಜೀವಿಗಳಿವೆ, ಜೀಬ್ರಾ ಕಪ್ಪೆಚಿಪ್ಪು ಮತ್ತು ಏಷ್ಯಾದ ಕಾರ್ಬಿಕ್ಯುಲಾ. ಜೀಬ್ರಾ ಕಪ್ಪೆಚಿಪ್ಪಿನ ಮರಿಗೆ ಯಾವ ಮೀನೂ ಬೇಡ. ತಾನೇ ನೀರಲ್ಲಿ ತೇಲುತ್ತ ಬೆಳೆದು, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಪೈಪು, ದೋಣಿ, ಬಂಡೆ, ಕೊನೆಗೆ ಬದುಕಿರುವ ದೇಶೀ ಕಪ್ಪೆಚಿಪ್ಪಿನ ಬೆನ್ನು. ಹತ್ತಾರು ಅಂಟಿಕೊಂಡರೆ ಅದು ಬಾಯಿ ತೆರೆಯಲಾಗದೆ, ತಿನ್ನಲಾಗದೆ ಸಾಯುತ್ತದೆ. ಎಬ್ರೊದಲ್ಲಿ ಇದು ಮೊದಲು ಪತ್ತೆಯಾದದ್ದು 2001ರಲ್ಲಿ, ಕೆಳಗಿನ ರಿಬಾರೋಹಾ ಜಲಾಶಯದಲ್ಲಿ. 2006ರಲ್ಲಿ ನದಿಯ ಬಹು ಮೇಲಿನ ಸೊಬ್ರೋನ್ ಜಲಾಶಯದಲ್ಲಿ ಸಿಕ್ಕಿತು. ತೇಲುವ ಮರಿ ನೀರಿನ ಜೊತೆ ಕೆಳಗೆ ಹೋಗಬಹುದು, ಮೇಲಕ್ಕೆ ಹೋಗಲಾರದು. ಮೇಲಕ್ಕೆ ಒಯ್ದದ್ದು ಮನುಷ್ಯರೇ, ದೋಣಿ, ಬಲೆ, ಗಾಳದ ಸಾಮಾನಿನ ಜೊತೆ. ನೀವು ಅಥವಾ ಗೆಳೆಯರು ಕಯಾಕ್ ತೆಗೆದುಕೊಂಡು ಒಂದು ಜಲಾಶಯದಿಂದ ಇನ್ನೊಂದಕ್ಕೆ ಹೋಗುವುದಿದ್ದರೆ ಎಬ್ರೊ ಜಲಾನಯನ ಪ್ರಾಧಿಕಾರದ ನಿಯಮ ಓದಿಕೊಳ್ಳಿ. ದೋಣಿಯನ್ನು ಬಿಸಿನೀರಲ್ಲಿ ತೊಳೆದು, ಒಳಗಿನ ನೀರನ್ನೆಲ್ಲ ಚೆಲ್ಲಿ, ಪೂರ್ತಿ ಒಣಗಿಸಿ. ಬೂಟು, ಲೈಫ್ ಜಾಕೆಟ್, ಹಗ್ಗಕ್ಕೂ ಇದೇ ನಿಯಮ. ಹಗ್ಗದ ಎಳೆಗಳಲ್ಲಿ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ, ಅದನ್ನು ಬಿಸಿಲಿಗೆ ಬಿಚ್ಚಿ ಹರವಿ.